ಕಾಕಿಯ ಕೈಗೆ ಅಂಟಿಸಿದ ಪದರ

ನನ್ನ ಕಾಕಿಯ ಸುಟ್ಟ ಕೈಗೆ ಏನನ್ನು ಅಂಟಿಸಿದಿರಿ ಎಂಬುದು ನಿಮಗೇ ಗೊತ್ತಿಲ್ಲ. ತಿಳಿದುಕೊಳ್ಳುವ ಗೋಜಿಗೂ ನೀವು ಹೋಗಲಿಲ್ಲ. ಕೇಳಿದವಳನ್ನು ಮಾತ್ರ ಹಟಮಾರಿ ಎಂದಿರಿ. ಈ ಆರೋಪ ಬೆಳಗಾವಿಯ ಆ ಖಾಸಗಿ ಆಸ್ಪತ್ರೆಗೂ ಗಾಯದ ಆ ಪಟ್ಟಿಯನ್ನು ತಯಾರಿಸಿದ ಕಂಪನಿಗೂ ಅದರ ಮಾರಾಟಕ್ಕೆ ಒಪ್ಪಿಗೆಯಿತ್ತ ಅಧಿಕಾರಿಗಳಿಗೂ ಸಮನಾಗಿ ಸಲ್ಲುತ್ತದೆ.

ಖಾನಾಪುರದ ನಮ್ಮದು ಜೈನರ ಮನೆ. ಕಾಕಿ, ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸುತ್ತಾಳೆ. ಬಟ್ಟೆಯಲ್ಲಿ ಸಿಕ್ಕಿಕೊಂಡ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಅದನ್ನು ಸೋಸಿದ ನೀರಿನಲ್ಲೇ ಜಾಲಿಸಿ, ಆ ನೀರನ್ನು ಮತ್ತೆ ಬಾವಿಗೆ ಬಿಡುತ್ತಾಳೆ. ಮೇಲಿನಿಂದ ಸುರಿಯುವುದಿಲ್ಲ. ಗಿಂಡಿಯನ್ನು ನೀರಿನ ಮಟ್ಟಕ್ಕೆ ಇಳಿಸಿ ಅಲ್ಲಿಯೇ ಬಗ್ಗಿಸಲೆಂದು ಅದರ ತಳಕ್ಕೆ ಇನ್ನೊಂದು ಹಗ್ಗ ಕಟ್ಟಿಸಿದ್ದಾಳೆ. ಚಿಕ್ಕವಳಿದ್ದಾಗ ನಾನು, "ಕಾಕೂ, ಅವನ್ನ ಮನೀತನಕ ಮುಟ್ಟಿಸಿ ಬರ್ತೀಯೇನ?" ಎಂದು ಛೇಡಿಸುತ್ತಿದ್ದೆ. "ಹೌದವಾ, ನೀ ಸಾಲಿಗೆ ಹೋಗಾಕ ಅಳತಿದ್ದಿ, ನಿನ್ನ ಮುಟ್ಟಿಸಿ ಬರ್ತಿರಲಿಲ್ಲೇನ? ಹಂಗ," ಎನ್ನುತ್ತಿದ್ದಳು.

ಈ ಮಳೆಗಾಲದಲ್ಲಿ, ಕುಡಿಯಲೆಂದು ಕುದಿಸಿದ ಅದೇ ನೀರಿನ ಪಾತ್ರೆ ಕೈಜಾರಿ ಅವಳ ಬಲಗೈ ಮೊಣಕೈಯಿಂದ ಬೆರಳುಗಳವರೆಗೆ ಬೆಂದಿತು. ಊರಿನ ದವಾಖಾನೆಯಲ್ಲಿ ಮೊದಲ ಉಪಚಾರ ಮುಗಿಸಿ ಅವಳನ್ನು ಬೆಳಗಾವಿಗೆ ಕರೆದೊಯ್ದೆವು. ಅಲ್ಲಿ ಗಾಯ ತೊಳೆದು, ಹಾಲಿನ ಕೆನೆಯಷ್ಟು ತೆಳುವಾದ ಒಂದು ಪದರವನ್ನು ಅದರ ಮೇಲೆ ಹೊದಿಸಿದರು. ಒಳಗಿರುವ ಆ್ಯಂಟಿಬಯಾಟಿಕ್ ನಿಧಾನವಾಗಿ ಗಾಯಕ್ಕೆ ಇಳಿಯುತ್ತದೆ, ದಿನವೂ ಬಿಚ್ಚಬೇಕಿಲ್ಲ, ಪದರವೂ ಕ್ರಮೇಣ ಕರಗಿಹೋಗುತ್ತದೆ ಎಂದು ವಿವರಿಸಿದರು. ಉರಿ ತಗ್ಗಿತು. ಗಾಬರಿಯಿಂದ ಬಿಗಿದಿದ್ದ ಅವಳ ಮುಖ ಸಡಿಲವಾದದ್ದನ್ನು ನಾನೇ ಕಂಡೆ.

ಆಗ ಅವಳು ನರ್ಸಮ್ಮನನ್ನು ಕೇಳಿದಳು: "ಯವ್ವಾ, ಇದನ್ನ ಯಾತರಿಂದ ಮಾಡ್ಯಾರ?"

"ಪಟ್ಟಿ ತಿನ್ನಾಕ ಅಲ್ರಿ ಕಾಕೂ, ಹಚ್ಚಾಕ!"

ವಾರ್ಡೆಲ್ಲ ನಕ್ಕಿತು. ಕಾಕಿಯೂ ನಕ್ಕಳು, ಆದರೆ ಬಿಡಲಿಲ್ಲ. "ಹಚ್ಚಾಕ, ಖರೇ. ಮೈಯಾಗ ಕರಗತೈತಿ ಅಂತ ನೀವೇ ಅಂದ್ರಲ್ಲ. ಬಾಯಿಲೆ ಹೋದರೇನು, ಗಾಯದಾಗಿಂದ ಹೋದರೇನು, ಸೇರೂದು ನನ್ನ ಮೈಗೇ ಹೌದಲ್ಲೋ?"

ನರ್ಸಮ್ಮ ಪಕ್ಕದ ಹಾಸಿಗೆಯತ್ತ ನಡೆದಳು. ಅವಳು ನನ್ನತ್ತ ತಿರುಗಿದಳು. ನಾನು ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ರಸಾಯನಶಾಸ್ತ್ರ ಓದಿದವಳು. ಇಂಥ ಪದರವನ್ನು ಸೀಗಡಿ, ಏಡಿಗಳ ಚಿಪ್ಪಿನಿಂದ ಮಾಡುತ್ತಾರೆ; ದನದ ಇಲ್ಲವೇ ಮೀನಿನ ಚರ್ಮದಿಂದ ಮಾಡುತ್ತಾರೆ; ಕಡಲ ಪಾಚಿಯಿಂದಲೂ ಮಾಡುತ್ತಾರೆ. ಎಲ್ಲವೂ ನಿಸರ್ಗದ ಪಾಲಿಮರ್‌ಗಳೇ, ಎಲ್ಲವೂ ಔಷಧವನ್ನು ಹಿಡಿದಿಟ್ಟು ನಿಧಾನವಾಗಿ ಬಿಡಬಲ್ಲವು. ಆದರೆ ಅವಳ ಕೈಮೇಲಿನದು ಯಾವುದು? ಕಣ್ಣಿನಿಂದ ನೋಡಿ ಹೇಳುವ ವಿದ್ಯೆ ನನ್ನಲ್ಲಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ.

ಮನೆಗೆ ಬಂದವಳು ನೀರು ಸೋಸುವುದನ್ನು ನಿಲ್ಲಿಸಿದಳು. ಬಸದಿಗೆ ಹೋಗಲಿಲ್ಲ. ಕಾಕಾ ಎಷ್ಟು ಹೇಳಿದರೂ, "ಏನ ಹೊತ್ತೀನಿ ಅಂತ ತಿಳೀಲಾರದ ಕೈಲೆ ದೇವರನ್ನ ಹೆಂಗ ಮುಟ್ಟಲಿ?" ಎಂಬ ಒಂದೇ ಮಾತು. ಕೊನೆಗೆ ಒಂದು ಮುಂಜಾನೆ ಬಾವಿಕಟ್ಟೆಯ ಮೇಲೆ ಕುಳಿತು, ಕುದಿಸಿ ಆರಿಸಿದ ನೀರಿನಿಂದ ಪದರವನ್ನು ನೆನೆಸಿ, ಅಂಚಿನಿಂದ ಸುಲಿದುಬಿಟ್ಟಳು. ಆಗಷ್ಟೇ ಮೂಡುತ್ತಿದ್ದ ತೊಗಲೂ ಅದರೊಂದಿಗೆ ಬಂತು. ನಾನು ಓಡಿಬರುವಷ್ಟರಲ್ಲಿ ಅವಳು ಅದನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿ, ಎಡಗೈಯಿಂದ ಹಿತ್ತಲ ಮಣ್ಣು ತೋಡುತ್ತಿದ್ದಳು. ಸತ್ತ ಜೀವವೊಂದನ್ನು ಮಣ್ಣು ಮಾಡುವವಳಂತೆ.

ಗಾಯ ಕೀವಾಯಿತು, ಜ್ವರ ಬಂತು. ಮತ್ತೆ ಬೆಳಗಾವಿಗೆ ಹೋದಾಗ ವೈದ್ಯರು ನನ್ನ ಮೇಲೆ ಹರಿಹಾಯ್ದರು: "ಓದಿದಾಕಿ ನೀವರೇ ತಿಳಿಸಿ ಹೇಳಬಾರದೇನ್ರಿ? ಇಂಥಾ ಹಟಮಾರಿ ಪೇಶಂಟ್‌ಗೆ ನಾವೇನ್ ಮಾಡೂಣು?"

"ತಿಳಿಸ್ತೀನಿ ಸರ್. ಅದನ್ನ ಯಾತರಿಂದ ಮಾಡ್ಯಾರ ಅಂತ ಮೊದಲ ನೀವು ನನಗ ಹೇಳ್ರಿ."

"ಬಯೋಪಾಲಿಮರ್."

"ಯಾವ ಜೀವದ್ದು?"

ಅವರು ಔಷಧಿ ಅಂಗಡಿಯತ್ತ ಬೆರಳು ತೋರಿದರು. ಅಂಗಡಿಯವರು ಊರಿನ ಕ್ಯಾಂಪ್ ಬಡಾವಣೆಯಲ್ಲಿದ್ದ ವಿತರಕರ ಕಡೆಗೆ ಕಳುಹಿಸಿದರು. ವಿತರಕರು ಹಸಿರೆಲೆಯ ಚಿತ್ರವಿರುವ, ಇಂಗ್ಲಿಷಿನ ಮಿರುಗುವ ಕಾಗದವೊಂದನ್ನು ಕೈಗಿತ್ತರು. ಅದರಲ್ಲಿ ನಿಸರ್ಗದ ಹೊಗಳಿಕೆಯಿತ್ತು, ನನ್ನ ಪ್ರಶ್ನೆಗೆ ಉತ್ತರವಿರಲಿಲ್ಲ. ಕಂಪನಿಗೆ ಫೋನು ಮಾಡಿದೆ; ಅದು ವ್ಯಾಪಾರದ ಗುಟ್ಟು ಎಂದರು. ಖಾನಾಪುರದ ಬಸ್ಸಿನಲ್ಲಿ ನಿಂತು ಮರಳುವಾಗ ಕುಳಿತವರೆಲ್ಲರ ಕೈಗಳನ್ನೇ ನೋಡುತ್ತಿದ್ದೆ. ಸೀಟು ಖಾಲಿಯಾದರೂ ಕೂರಲಾಗಲಿಲ್ಲ.

ಈಗ ಅವಳಿಗೆ ಸಾದಾ ಜಾಳಿಗೆ ಬಟ್ಟೆಯ ಪಟ್ಟಿ. ದಿನವೂ ಬಿಚ್ಚಬೇಕು, ಬಿಚ್ಚಿದಾಗಲೆಲ್ಲ ಅದು ಗಾಯವನ್ನು ಕಿತ್ತುಕೊಂಡೇ ಬರುತ್ತದೆ. ಬೇಗ ಮಾಯದಿದ್ದರೆ ಬೆರಳುಗಳು ಮಡಚಿಕೊಂಡೇ ಉಳಿಯುತ್ತವೆ, ಬರುವ ಸೋಮವಾರ ಮತ್ತೆ ಆ ಪದರವನ್ನೇ ಹಾಕಬೇಕು ಎಂದು ವೈದ್ಯರು ಹೇಳಿದ್ದಾರೆ. ಪಾಚಿಯದು ಸಿಕ್ಕರೆ ಹಾಕಿಸಿಕೊಳ್ಳುವೆಯಾ ಎಂದು ಕಾಕಿಯನ್ನು ಕೇಳಿದೆ.

"ಪಾಚಿಗೂ ಜೀವ ಐತಿ, ಹುಚ್ಚಿ. ಆದರ ಅದು ಪಾಚಿ ಅಂತ ಗೊತ್ತಾದರ ನಾ ವಿಚಾರ ಮಾಡ್ತೀನಿ. ಸೀಗಡೀದಿದ್ರೂ ಬಾಯಿಬಿಟ್ಟು ಹೇಳಲಿ. ಬ್ಯಾಡ ಅನ್ನಾಕರೆ, ಹೂಂ ಅನ್ನಾಕರೆ, ಮೊದಲ ನನಗ ಗೊತ್ತಾಗಬೇಕಲ್ಲ? ಕೈ ನಂದು."

ಆ ಪದರದ ಗುಣವನ್ನು ನಾನು ಅಲ್ಲಗಳೆಯುತ್ತಿಲ್ಲ. ಅವಳ ನೋವನ್ನು ಇಳಿಸಿದ್ದು ಅದೇ. ಆ ಗುಣವನ್ನು ಅವಳಿಂದ ಕಸಿದದ್ದು ನಿಮ್ಮ ಮೌನ.

ಆದ್ದರಿಂದ ಸಂಬಂಧಪಟ್ಟ ಆಸ್ಪತ್ರೆ, ಕಂಪನಿ ಹಾಗೂ ಔಷಧ ನಿಯಂತ್ರಣದ ಅಧಿಕಾರಿಗಳಲ್ಲಿ ನನ್ನ ವಿನಂತಿ: ಆ ಪದರದ ಮೂಲ ಯಾವ ಜೀವಿ ಎಂಬುದನ್ನು ಸೋಮವಾರದೊಳಗೆ ಲಿಖಿತವಾಗಿ ತಿಳಿಸಬೇಕು. ಮುಂದೆ ಯಾವ ರೋಗಿಯ ಗಾಯಕ್ಕಾದರೂ ಇಂಥದನ್ನು ಹೊದಿಸುವ ಮುನ್ನ ಅದರ ಮೂಲವನ್ನು ಅವರ ಭಾಷೆಯಲ್ಲಿ, ಕನ್ನಡವಿರಲಿ ಮರಾಠಿಯಿರಲಿ, ಹೇಳಿ ಒಪ್ಪಿಗೆ ಪಡೆಯಬೇಕು. ಪೊಟ್ಟಣದ ಮೇಲೂ ಅದನ್ನು ಅಚ್ಚು ಹಾಕಿಸಬೇಕು. ಒಲ್ಲೆನೆಂದವರಿಗೆ ಬೇರೆ ಮೂಲದ ಪದರವನ್ನು ಒದಗಿಸಬೇಕು. ನನ್ನ ಕಾಕಿ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕಾಯುತ್ತಿದ್ದಾಳೆ. ದಯವಿಟ್ಟು ಉತ್ತರಿಸಿ.