ಅಕ್ಕನ ಆರಾಮಕ್ಕೆಂದು ಹಿಡಿದ ವಿಲ್ಲಾ

‘ಇವಳು ನನ್ನ ಅಕ್ಕ’ ಎಂದು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಕಳೆದ ಬೇಸಿಗೆ ರಜೆಯ ಮಾತಿದು. ನಾನು ಹೆಚ್ಚು ಓದಿದವಳಲ್ಲ, ಬರೆದು ರೂಢಿಯೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

ನನ್ನ ಅಕ್ಕ ಗಜೇಂದ್ರಗಡದ ನಮ್ಮ ತವರುಮನೆಯಲ್ಲಿ ಸೀರೆ ನೇಯುತ್ತಾಳೆ. ಮಗ್ಗದಡಿಯ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವ ಕೆಲಸ. ಸೊಂಟ ಹಿಡಿದು ಏಳಲಾರದಂತಾದಾಗ ಡಾಕ್ಟರು ವಿಶ್ರಾಂತಿ ಬೇಕೇ ಬೇಕು ಎಂದರು. ಮನೆಯಲ್ಲಿದ್ದರೆ ಅವಳು ಮಗ್ಗ ಬಿಡುವವಳಲ್ಲ. ಅಮಾವಾಸ್ಯೆಗೆ ನೇಕಾರರ ಮಗ್ಗ ಹೇಗೂ ನಿಲ್ಲುತ್ತದೆ, ಆಗ ಎಲ್ಲಾದರೂ ಕರೆದೊಯ್ಯೋಣ ಎಂದು ನನ್ನ ಗಂಡನ ಊರು ರೋಣದಿಂದ ನಾನೇ ಎಲ್ಲರನ್ನೂ ಹೊರಡಿಸಿದೆ.

ನನ್ನ ಗಂಡ ರಿಸಾರ್ಟ್ ನೋಡಿದ್ದರು. ನಾನು ಬೇಡವೆಂದೆ. ಅಲ್ಲಿ ಗದ್ದಲ, ಗುರುತಿಲ್ಲದವರ ನಡುವೆ ಅಕ್ಕ ಮುದುಡಿ ಕೂರುತ್ತಾಳೆ. ವಿಲ್ಲಾ ಆದರೆ ಇಡೀ ಮನೆ ನಮ್ಮದೇ; ಬೇಕಾದಾಗ ಏಳಬಹುದು, ಬೇಕಾದ್ದು ಮಾಡಿಕೊಂಡು ಉಣ್ಣಬಹುದು. ಹೀಗೆ ಗುಡ್ಡದಾಚೆ, ಗಾಳಿಯಂತ್ರಗಳು ಕಾಣುವ ಕಡೆ ಒಂದು ವಿಲ್ಲಾ ಹಿಡಿದೆವು. ಜೋಳದ ಹಿಟ್ಟು, ಬದನೆಕಾಯಿ, ಶೇಂಗಾ ಚಟ್ನಿ ಎಲ್ಲವನ್ನೂ ಕಾರಿಗೆ ತುಂಬಿದವಳು ನಾನೇ.

“ಅಕ್ಕಾರ, ರಿಸಾರ್ಟಿನ್ಯಾಗ ತಾಟ ಹಿಡಕೊಂಡ ಪಾಳೇಕ ನಿಂದರಬೇಕ್ರಿ. ಇಲ್ಲಿ ನಾವ ರಾಜರು!” ಎಂದರು ನನ್ನ ಗಂಡ.

“ರಾಜರಿಗೆ ರೊಟ್ಟಿ ಬಡಿಯಾವರು ಯಾರ್ರಿ ಮತ್ತ?” ಎಂದಳು ಅಕ್ಕ.

ಎಲ್ಲರೂ ನಕ್ಕೆವು. ಮಕ್ಕಳು “ದೊಡ್ಡವ್ವನ ಕೈ ರೊಟ್ಟಿನ ಬೇಕು” ಎಂದವು, ಅಕ್ಕ ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋದಳು. ಒಮ್ಮೆ ನಾನು ಎದ್ದು ಹೋದೆ. “ಕುಂಡ್ರ ಹೋಗ, ನಿನ್ನ ರೊಟ್ಟಿ ನಾಯಿನೂ ಮೂಸಂಗಿಲ್ಲ” ಎಂದು ಕಳಿಸಿದಳು. ಕಳಿಸಿದ್ದೇ ಸಾಕೆಂದು ನಾನು ಬಂದು ವಿಲ್ಲಾದ ಈಜುಕೊಳದ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿದೆ. ಮರುದಿನವೂ ಹಾಗೇ ಆಯಿತು.

ಆ ಸಂಜೆ ವಿಲ್ಲಾ ನೋಡಿಕೊಳ್ಳುವ ಹೆಂಗಸು ನಮಗೆಲ್ಲ ಚಹಾ ತಂದಳು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಮೊಣಕೈತನಕ ಹಿಟ್ಟು. ಆ ಹೆಂಗಸು ನನ್ನನ್ನು ಕೇಳಿದಳು, “ಅಡಿಗಿ ಮಾಡಾಕ ಕರಕೊಂಡ ಬಂದೀರಲ್ಲಾ, ಆ ಹೆಣ್ಮಗಳಿಗೂ ಚಾ ಕೊಡ್ಲೇನ್ರಿ?”

ನನ್ನ ಮೈಮೇಲೆ ಹೊಸ ಬಟ್ಟೆ ಇತ್ತು. ಅದೇನು ನಾಚಿಕೆಯೋ, “ಹೂಂ, ಕೊಡ್ರಿ” ಎಂದುಬಿಟ್ಟೆ. ಅಕ್ಕ ಕೇಳಿಸಿಕೊಂಡಳು. ಚಹಾವನ್ನು ನಿಂತೇ ಕುಡಿದಳು. ಆಮೇಲೆ ನನ್ನ ಹತ್ತಿರ ಬಂದು, “ಪಗಾರ ಯಾವಾಗ ಕೊಡ್ತೀಯವಾ?” ಎಂದು ನಕ್ಕಳು. ನಾನೂ ನಕ್ಕೆ. ಅವಳನ್ನು ಮನೆಗೆ ಬಿಡುವವರೆಗೂ ಅವಳ ಮುಖ ನೋಡಲು ನನಗಾಗಲಿಲ್ಲ.

ರಿಸಾರ್ಟೇ ಹಿಡಿಯಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡೆ. ಆದರೆ ತಪ್ಪು ವಿಲ್ಲಾದ್ದಲ್ಲ. ನಮ್ಮ ಮನೆಯನ್ನೇ ಹೊತ್ತುಕೊಂಡು ಹೋಗಿ ಅಲ್ಲಿಟ್ಟವಳು ನಾನು.

ಮುಂದಿನ ವಾರ ತವರಿಗೆ ಹೋದೆ. ಅಕ್ಕ ಸೊಂಟಕ್ಕೆ ಪಟ್ಟಿ ಬಿಗಿದು ನೇಯುತ್ತಿದ್ದಳು. ಮಗ್ಗದ ಸಪ್ಪಳದಲ್ಲಿ ಮುಚ್ಚಿಹೋಗಲಿ ಎಂಬಂತೆ ನನ್ನ ತಪ್ಪನ್ನು ಮೆಲ್ಲಗೆ ಹೇಳಿದೆ. ಅವಳು ಕೈ ನಿಲ್ಲಿಸಿ, “ಏನಂದಿ? ಗಟ್ಟ್ಯಾಗಿ ಹೇಳ” ಎಂದಳು. ನಾನು ಗಟ್ಟಿಯಾಗಿಯೇ ಹೇಳಿದೆ.

“ಆಕಿ ಕೇಳಿದಾಗ, ಈಕಿ ನಮ್ಮಕ್ಕ ಅಂತ ಹೇಳಬೇಕಿತ್ತು. ನಾಚಿಕಿ ಪಟ್ಟೆ. ನಿನಗ ಆರಾಮ ಸಿಗಲಿ ಅಂತ ಕರಕೊಂಡ ಹೋಗಿ ನಾ ಆರಾಮ ಮಾಡಿದೆ. ತಪ್ಪಾತಕ್ಕಾ.”