ಹೆಂಚಿನ ಹಿಂಬದಿಯ ಹೆಸರು

ನೆನಪು ಚೊಕ್ಕವಾಗಿದ್ದ ಒಬ್ಬ ಮುದುಕಿಗೆ ಮರೆವಿನ ಕಾಯಿಲೆ ಎಂದು ಆಕೆಯ ಮಗನನ್ನು ನಂಬಿಸಿದವಳು ನಾನು. ನಲವತ್ತು ಜನ ಹುಡುಗಿಯರ ಎದುರಿಗೆ ಹೇಳಿದೆ. ಗೊತ್ತಿದ್ದೇ ಹೇಳಿದೆ. ಆಕೆ ಆಡಿದ ಒಂದೊಂದು ಮಾತೂ ನಿಜ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ತಿಳಿದಿತ್ತು — ಆಕೆಗೆ ಮತ್ತು ನನಗೆ.

ಆಕೆಯ ಹೆಸರು ತುಳಸಾಬಾಯಿ. ಖಾನಾಪುರದವಳು. ನಾನು ಶಕುಂತಲಾ, ನಿವೃತ್ತ ಶಿಕ್ಷಕಿ. ಈಗ ಮನೆ ಬೆಳಗಾವಿಯ ಅನಗೋಳದಲ್ಲಿ, ಬೆಳೆದದ್ದು ಮಾತ್ರ ಖಾನಾಪುರದಲ್ಲಿ. ಅಪ್ಪ ಅಲ್ಲಿಯ ಒಂದು ಹೆಂಚಿನ ಕಾರ್ಖಾನೆಯ ಮ್ಯಾನೇಜರ್ ಆಗಿದ್ದರು. ನಮ್ಮ ಮನೆ ಕಾರ್ಖಾನೆಯ ಕಂಪೌಂಡಿಗೆ ಅಂಟಿಕೊಂಡೇ ಇತ್ತು. ಶಾಲೆ ಬಿಟ್ಟ ಕೂಡಲೇ ನಾನು ಓಡುತ್ತಿದ್ದದ್ದು ಹಸಿ ಹೆಂಚು ಒಣಹಾಕುವ ಛಪ್ಪರದ ಕಡೆಗೆ. ಅಲ್ಲಿ ತುಳಸಾಬಾಯಿ ಇರುತ್ತಿದ್ದಳು.

ಆಗ ಆಕೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ್ದಳು. ಮಣ್ಣು ತುಳಿಯುವ ಹೆಂಗಸರಲ್ಲಿ ಅಷ್ಟು ಓದಿದವಳು ಆಕೆಯೊಬ್ಬಳೇ. ಊಟದ ಬಿಡುವಿನಲ್ಲಿ ಬಿದಿರು ಸೀಳಿನಿಂದ ಹಸಿ ಹೆಂಚಿನ ಮೇಲೆ ಅಕ್ಷರ ಗೀರಿ ಉಳಿದವರಿಗೆ ಕಲಿಸುತ್ತಿದ್ದಳು. ಕಲಿತಾದ ಮೇಲೆ ಹೆಂಚನ್ನು ಹಿಸುಕಿ ಮತ್ತೆ ಮಣ್ಣಿಗೆ ಸೇರಿಸುವುದು — ಯಾರಿಗೂ ಸುಳಿವು ಸಿಗುತ್ತಿರಲಿಲ್ಲ. ಕನ್ನಡ ಅಕ್ಷರ ಮಾತ್ರ ಆಕೆಗೆ ಬರುತ್ತಿರಲಿಲ್ಲ. ಅದನ್ನು ನಾನು ಕಲಿಸಿದೆ. ನಾಲ್ಕನೆಯ ತರಗತಿಯ ಹುಡುಗಿ ನಾನು, ನನ್ನ ಪುಸ್ತಕ ಒಯ್ದು ತೋರಿಸುತ್ತಿದ್ದೆ. "ನೀ ನನ್ನ ಅಕ್ಕಾರು" ಎಂದು ನಗುತ್ತಿದ್ದಳು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆ ಕರೆಯುವುದು. ನನ್ನನ್ನು ಮೊದಲು ಹಾಗೆ ಕರೆದವಳು ಆಕೆ.

ಒಂದೇ ಒಂದು ಹೆಂಚನ್ನು ಆಕೆ ಹಿಸುಕಲಿಲ್ಲ. ಮೇಲೆ ಅರ್ಧ ಮರಾಠಿ, ಅರ್ಧ ಕನ್ನಡ ಅಕ್ಷರ. ಹಿಂಬದಿಯಲ್ಲಿ ಎರಡೂ ಲಿಪಿಯಲ್ಲಿ ತನ್ನ ಹೆಸರು. ಉಳಿದ ಹೆಂಚುಗಳ ನಡುವೆ ಅದನ್ನೂ ಭಟ್ಟಿಗೆ ಕಳಿಸಿದಳು. ಸುಟ್ಟು ಕೆಂಪಾಗಿ ಬಂತು.

ಆ ವರ್ಷವೇ ಒಬ್ಬ ಹೆಂಗಸಿನ ಬೆರಳು ಯಂತ್ರದಲ್ಲಿ ಸಿಕ್ಕು ಜಜ್ಜಿಹೋಯಿತು. ತಪ್ಪು ಆಕೆಯದೇ ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ಅಪ್ಪ ಕರೆದರು. ಬೆರಳು ಜಜ್ಜಿಸಿಕೊಂಡ ಆ ಹೆಂಗಸು ಒತ್ತಲಿಲ್ಲ. ಕಾಗದ ಎತ್ತಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿ, "ಇದು ಖರೇ ಅಲ್ಲರಿ" ಎಂದಳು. ಯಾರು ಕಲಿಸಿದರೆಂದು ಪತ್ತೆಹಚ್ಚಲು ಅಪ್ಪನಿಗೆ ಒಂದು ದಿನವೂ ಬೇಕಾಗಲಿಲ್ಲ. ಹೆಸರು ಗೀರಿದ್ದ ಆ ಹೆಂಚೂ ಅವರ ಕೈಗೆ ಸಿಕ್ಕಿತು.

"ಹೆಂಚು ಮಾಡಾಕ ಬಂದೀಯೇನ, ಸಾಲಿ ನಡಸಾಕ ಬಂದೀಯೇನ? ನಾಳಿಯಿಂದ ಗೇಟಿನೊಳಗ ಕಾಲಿಡಬ್ಯಾಡ."

ನಾನು ಛಪ್ಪರದ ಕಂಬ ಹಿಡಿದು ನಿಂತಿದ್ದೆ. ತುಳಸಾಬಾಯಿ ಬುತ್ತಿಯ ಗಂಟು ಎತ್ತಿಕೊಂಡು ಹೋದಳು. ಅಪ್ಪ ಆ ಹೆಂಚನ್ನು ಒಡಕುಗಳ ರಾಶಿಗೆ ಎಸೆದರು. ಅದು ಒಡೆಯಲಿಲ್ಲ. ನಾನು ಆರಿಸಿ ತಂದು ಬಚ್ಚಿಟ್ಟುಕೊಂಡೆ — ಆಕೆಗಾಗಿ ಎಂದು. ಆದರೆ ಕೊಡಲಿಲ್ಲ. ಮುಂದೆ ಅದೇ ಊರಿನ ಹೈಸ್ಕೂಲಿನಲ್ಲಿ ಎಂಟು ವರ್ಷ ಕಲಿಸಿದೆ, ಆಕೆಯ ಮಗ ಮಾರುತಿಗೂ ಕಲಿಸಿದೆ. ಆಗಲೂ ಕೊಡಲಿಲ್ಲ. ಕೊಡಬೇಕಾದರೆ ಅಪ್ಪನ ಮಾತು ಎತ್ತಬೇಕಾಗುತ್ತಿತ್ತು...

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಖಾನಾಪುರದ ಕೆಲವು ಹಿರಿಯರು ಸೇರಿ, ಒಂದು ಹಳೆಯ ಕಟ್ಟಡದಲ್ಲಿ ಊರಿನ ಚರಿತ್ರೆಯ ವಸ್ತುಸಂಗ್ರಹಾಲಯ ಮಾಡಿದರು. ಮೂರು ಕೋಣೆ. ಮರದ ಕೊಳಗ, ತಾಮ್ರದ ಹಂಡೆ, ಕುಂಬಾರರ ತಿಗರಿ, ಮಾಸಿದ ಫೋಟೋಗಳು. ಸಮಿತಿಯ ಮುಖ್ಯಸ್ಥರು ಒಬ್ಬ ವಯಸ್ಸಾದ ವಕೀಲರು. ವಸ್ತುಗಳ ಕೆಳಗಿನ ಚೀಟಿಗಳನ್ನು ಬರೆದುಕೊಡಲು ನನ್ನನ್ನು ಕೇಳಿದರು. "ನಿಮ್ಮ ತಂದಿಯವರ ಕಡಿಂದೂ ಏನರೆ ಇರಲಿ ನೋಡ್ರಿ" ಎಂದರು.

ನಾನು ಹೆಂಚು ಕೊಟ್ಟೆ. ಚೀಟಿಯನ್ನೂ ಬರೆದೆ: "ಕೆಲಸಗಾರ ಮಹಿಳೆಯರಿಗೆ ಅಕ್ಷರ ಕಲಿಸಲು ಕಾರ್ಖಾನೆಯ ಮ್ಯಾನೇಜರರು ಮಾಡಿಸಿದ ಹೆಂಚು." ಕೆಳಗೆ ಅಪ್ಪನ ಹೆಸರು. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಹಿಂಬದಿ ಗೋಡೆಗೆ ಒತ್ತಿಕೊಳ್ಳುವಂತೆ ಸ್ಟ್ಯಾಂಡ್ ಮಾಡಿಸಿದವಳೂ ನಾನೇ.

ಸೇವೆಯ ಕೊನೆಯ ವರ್ಷ. ಬೆಳಗಾವಿಯ ನನ್ನ ಶಾಲೆಯ ನಲವತ್ತು ಹುಡುಗಿಯರನ್ನು ಬಸ್ಸಿನಲ್ಲಿ ಕರೆದೊಯ್ದಿದ್ದೆ. ಖರೇ ಹೇಳಬೇಕೆಂದರೆ — ಆ ಚೀಟಿ ತೋರಿಸಬೇಕೆಂಬ ಆಸೆಯೂ ಇತ್ತು. ಹೆಂಚಿನ ಮುಂದೆ ನಿಂತು ಅಪ್ಪನ ಬಗ್ಗೆ ಹೇಳುತ್ತಿದ್ದಾಗ ಬಾಗಿಲಲ್ಲಿ ತುಳಸಾಬಾಯಿ ಕಂಡಳು. ಮಾರುತಿ ತಾಯಿಯ ಕೈ ಹಿಡಿದಿದ್ದ. ಆಗ ಜೊತೆಗೆ ಮಣ್ಣು ತುಳಿದಿದ್ದ ಯಾರೋ ಹೇಳಿದ್ದರಂತೆ, ನಿನ್ನ ಹೆಂಚು ಅಲ್ಲಿ ಇಟ್ಟಾರ ಎಂದು. ನೋಡಲು ಇಳಕಲ್ ಸೀರೆ ಉಟ್ಟು ಬಂದಿದ್ದಳು.

ಹುಡುಗಿಯರು ದಾರಿ ಬಿಟ್ಟರು. ಆಕೆ ಚೀಟಿಯ ಮೇಲೆ ಬೆರಳಿಟ್ಟು ಓದಿದಳು. ಕನ್ನಡದಲ್ಲಿ. ನಾನು ಕಲಿಸಿದ ಅಕ್ಷರದಲ್ಲಿ. ಓದಿ ಮುಗಿಸಿ ಮೊದಲು ನಕ್ಕಳು, ಏನೋ ಸಣ್ಣ ತಪ್ಪಾಗಿದೆ ಎಂಬಂತೆ.

"ಶಕೂ, ಇದು ನನ್ನ ಹೆಂಚಲ್ಲೇನ? ನಿಮ್ಮಪ್ಪಾರು ಇದಕ್ಕ ನನ್ನ ಹೊರಗ ಹಾಕಿದ್ರು. ನೀ ಕಂಬದ ಬಾಜೂಕ ನಿಂತಿದ್ದಿ."

ಆಕೆ ಹುಡುಗಿಯರ ಕಡೆ ತಿರುಗಿದಳು.

"ತಿರುವಿ ನೋಡ್ರಿ ಬೇಕಾದ್ರ. ಹಿಂದ ನನ್ನ ಹೆಸರೈತಿ."

ಆಕೆ ಕೈ ಚಾಚಿದಾಗ ನನ್ನ ಬಾಯಿಂದ ಬಂದ ಮಾತು — "ಮುಟ್ಟಬ್ಯಾಡ್ರಿ. ಇಲ್ಲಿಟ್ಟ ಸಾಮಾನು ಯಾರೂ ಮುಟ್ಟುವಂಗಿಲ್ಲ."

ಕೈ ಗಾಳಿಯಲ್ಲೇ ನಿಂತಿತು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ತರಗತಿಯಲ್ಲಿ ಮಾತನಾಡುವ ದನಿಯಲ್ಲೇ ಹೇಳಿದೆ: "ಮಾರುತಿ, ನಿಮ್ಮ ಆಯಿಗೆ ವಯಸ್ಸಾತು. ಎಲ್ಲೆಲ್ಲಿಂದೋ ಕಲಸಿಕೊಂಡು ಮಾತಾಡಾಕತ್ತಾರ. ಇದು ಮರೆವಿನ ಜಡ್ಡು. ಡಾಕ್ಟರಿಗೆ ತೋರಿಸು."

ಅವನು ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ನನ್ನನ್ನು. ಅವನಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಅಕ್ಕಾರು ನಾನು. "ಹೂಂ ಅಕ್ಕಾರ" ಎಂದ. "ಆಯಿ, ಬಾ, ಮನಿಗೆ ಹೋಗೂಣು."

ತುಳಸಾಬಾಯಿ ಮೆಟ್ಟಿಲು ಇಳಿಯುವಾಗ ಮಗನ ತೋಳು ಹಿಡಿಯಲಿಲ್ಲ. ನಾನು ಹುಡುಗಿಯರನ್ನು ಮುಂದಿನ ಕೋಣೆಗೆ ಕರೆದೊಯ್ದೆ.

ಎರಡು ವರ್ಷದ ಮೇಲೆ ಆಕೆ ತೀರಿದ ಸುದ್ದಿ ಬಂತು. ಅಂತ್ಯಕ್ರಿಯೆಗೆ ಹೋಗಲಿಲ್ಲ. ಮೊಣಕಾಲು ನೋವು ಎಂದು ಫೋನಿನಲ್ಲಿ ಹೇಳಿದೆ. ಆಮೇಲೂ ವರ್ಷಗಳು ಕಳೆದವು. ನಾನು ಉಂಡೆ, ಮಲಗಿದೆ, ಸಮಾರಂಭಗಳಲ್ಲಿ ಶಾಲು ಹೊದಿಸಿಕೊಂಡೆ.

ಹೋದ ತಿಂಗಳು ವಕೀಲರ ಫೋನು. ಸಂಗ್ರಹಾಲಯದ ಬಗ್ಗೆ ಸಣ್ಣ ಪುಸ್ತಕ ಅಚ್ಚು ಹಾಕಿಸುತ್ತಾರಂತೆ, ಮೊದಲ ಪುಟಗಳಲ್ಲೇ ಆ ಹೆಂಚಿನ ಚಿತ್ರ, ಪಕ್ಕದಲ್ಲಿ ಅಪ್ಪನ ಫೋಟೋ ಬೇಕಂತೆ. ಆಲ್ಬಮ್ ತೆಗೆದೆ, ಫೋಟೋ ಆರಿಸಿದೆ, ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಅಂಚೆಗೆ ಹಾಕುವುದು ಆಗಲಿಲ್ಲ. ಮರುದಿನ ನಾನೇ ಖಾನಾಪುರಕ್ಕೆ ಹೋಗಿ, ವಕೀಲರ ಎದುರಿಗೆ ಹೆಂಚನ್ನು ತಿರುವಿದೆ. ಧೂಳು ಒರೆಸಿದರು, ಕನ್ನಡಕ ಹಾಕಿಕೊಂಡು ಓದಿದರು. ಎಲ್ಲವನ್ನೂ ಹೇಳಿದೆ.

"ಈಗ್ಯಾಕರಿ ಅಕ್ಕಾರ ಇದೆಲ್ಲಾ? ಆಕಿನೂ ಇಲ್ಲ, ನಿಮ್ಮ ತಂದಿಯವರೂ ಇಲ್ಲ."

"ನಾ ಅದೀನಲ್ಲರಿ" ಎಂದೆ. ಅಲ್ಲೇ ಕುಳಿತು ಹೊಸ ಚೀಟಿ ಬರೆದುಕೊಟ್ಟೆ. ತುಳಸಾಬಾಯಿ ಕಲಿಸಿದ್ದನ್ನು ಬರೆದೆ, ಅದಕ್ಕಾಗಿ ಆಕೆಯನ್ನು ಕೆಲಸದಿಂದ ತೆಗೆದದ್ದನ್ನು ಬರೆದೆ, ತೆಗೆದವರ ಹೆಸರನ್ನೂ ಬರೆದೆ.

ಹೊರಗೆ ಬಂದಾಗ — ಇದನ್ನೂ ಮುಚ್ಚಿಡುವುದಿಲ್ಲ — ನನ್ನ ಬಗ್ಗೆ ನನಗೇ ಒಂದು ಬಗೆಯ ಮೆಚ್ಚುಗೆ ಮೂಡಿತ್ತು. ಅದೇ ಗುಂಗಿನಲ್ಲಿ ಮಾರುತಿಯ ಟೇಲರ್ ಅಂಗಡಿಗೆ ನಡೆದೆ. ಅವನ ಕೂದಲೂ ಬೆಳ್ಳಗಾಗಿತ್ತು. "ಕುಂದರ್ರಿ ಅಕ್ಕಾರ" ಎಂದು ಸ್ಟೂಲು ಒರೆಸಿದ. ನಾನು ಹೇಳಿದೆ. ನಿಮ್ಮ ಆಯಿ ಹೇಳಿದ್ದೆಲ್ಲಾ ಖರೇ ಇತ್ತು, ಸುಳ್ಳು ಹೇಳಿದವಳು ನಾನು ಎಂದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಅಥವಾ ಅಳುತ್ತಾನೆ. ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಮತ್ತೆ ಬಿಡಿಸಿದ.

"ಡಾಕ್ಟರು ಏನೂ ಇಲ್ಲ ಅಂದಿದ್ರರಿ. ನೆನಪು ಚಲೋ ಐತಿ ಅಂದಿದ್ರು. ನಾವ ನಂಬಲಿಲ್ಲ. ಅಕ್ಕಾರು ಹೇಳ್ಯಾರ ಅಂದ್ರ ಹಂಗ್ಯಾಕ ಹೇಳ್ತಾರ ಅಂದ್ವಿ. ಅವತ್ತಿನಿಂದ ಆಯಿ ಏನ ಹೇಳಿದ್ರೂ ಮ್ಯಾಲೆ ಹೂಂ, ಒಳಗ ಇಲ್ಲ. ಹೊಟ್ಟಿ ನೋಯ್ತೈತಿ ಅಂತಿದ್ಲು. ಒಂದು ವರ್ಷ ಅಂದ್ಲರಿ. ಈಗರೆ ಉಂಡೀದಿ, ಮರತೀದಿ, ಸುಮ್ನ ಮಲಕೋ ಅಂತಿದ್ದೆ ನಾನು."

"ಮಾರುತಿ..."

"ಒಳಗ ಗಂಟಾಗಿತ್ತು. ತಿಳಿಯೂದ್ರಾಗ ಹೊತ್ತು ಮೀರಿತ್ತು. ಕಡೀ ಕಡೀಕ ಆಕಿಗೇ ಆಕಿ ಮ್ಯಾಲೆ ನಂಬಿಕಿ ಇರಲಿಲ್ಲರಿ. ನನ್ನ ಕೈ ಹಿಡದು ಕೇಳ್ತಿದ್ಲು — ಮಾರುತಿ, ನನಗ ಖರೇನ ನೋಯಾಕತ್ತೈತೇನೋ? — ಅಂತ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವನು ತಲೆ ಅಲ್ಲಾಡಿಸಿದ; ಬೇಡ ಎಂದೋ, ಆಗುವುದಿಲ್ಲ ಎಂದೋ ತಿಳಿಯಲಿಲ್ಲ. ಆಮೇಲೆ ಹೊಲಿಗೆ ಯಂತ್ರಕ್ಕೆ ತಿರುಗಿ ಕುಳಿತ, ಅರ್ಧಕ್ಕೆ ನಿಂತಿದ್ದ ಅಂಗಿಯ ತೋಳು ಹೊಲಿಯತೊಡಗಿದ. ನಾನು ಎದ್ದು ಬಂದೆ. ಮತ್ತೆ ಕೇಳಲು ಹೋಗುವುದಿಲ್ಲ. ಕೇಳಿ ಅವನಿಗೆ ಇನ್ನೊಂದು ಭಾರ ಹೊರಿಸುವ ಹಕ್ಕು ನನಗಿಲ್ಲ.