ಹಳದಿ ಕ್ಲಿಪ್ಪು ಬರುವವರೆಗೆ

ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋಗಿ, ಅತ್ತೆಯನ್ನೂ ಬಸ್ಸು ಹತ್ತಿಸಿ ಬಂದ ಮೇಲಿನ ಮೊದಲ ಬೆಳಿಗ್ಗೆ ನಾನು ಬಟ್ಟೆ ಒಗೆದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ನನ್ನ ಗಂಡ ಕೊನೆಯ ಭಾನುವಾರ ತೊಟ್ಟಿದ್ದ ನೀಲಿ ಷರಟಿನ ಜೇಬಿನಲ್ಲಿ ಒಂದು ಮರದ ಕ್ಲಿಪ್ಪು ಸಿಕ್ಕಿತು. ಬಟ್ಟೆ ಒಣಹಾಕುವಾಗ ಸಿಕ್ಕಿಸುತ್ತೇವಲ್ಲ, ಅಂಥದ್ದೇ. ಹಳದಿ ಬಣ್ಣ ಬಳಿದು, ಮೇಲೆ ಕಪ್ಪಿನಲ್ಲಿ ಐದು ಎಂದು ಬರೆದಿತ್ತು. ಮನೆಯ ಕ್ಲಿಪ್ಪುಗಳು ಸಾಲದಾಗಿದ್ದವು. ಷರಟನ್ನು ತಂತಿಯ ಮೇಲೆ ಮಡಿಸಿ ಹಾಕಿ ಅದೇ ಕ್ಲಿಪ್ಪು ಸಿಕ್ಕಿಸಿದೆ. ಸಂಜೆ ಉಳಿದ ಬಟ್ಟೆ ತೆಗೆದೆ. ಷರಟು ತೆಗೆಯಲಿಲ್ಲ.

ಈ ಬರಹ ಆ ಕ್ಲಿಪ್ಪಿಗೆ ಬಣ್ಣ ಬಳಿದವರ ಬಗ್ಗೆ. ಆ ಬೆಳಿಗ್ಗೆ ನನಗದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ನನ್ನ ಗಂಡ ಭಾನುವಾರ ಬಂತೆಂದರೆ ತಾನೇ ಕಟ್ಟಿದ ಮೊಳದುದ್ದದ ಹಡಗನ್ನು ಕಂಕುಳಲ್ಲಿ ಇರುಕಿಕೊಂಡು ಕೊಳದ ಬಳಿ ಹೋಗುತ್ತಿದ್ದ, ಮಧ್ಯಾಹ್ನ ಪ್ಯಾಂಟು ಮಂಡಿಯವರೆಗೆ ನೆನೆಸಿಕೊಂಡು ಬರುತ್ತಿದ್ದ, ಬಂದವನು "ನಮ್ಮ ಕ್ಯಾಬಿನ್ ಅಣ್ಣನ ಬಗ್ಗೆ ಬರಿಯೇ" ಎನ್ನುತ್ತಿದ್ದ. ಪತ್ರಿಕೆಯ ಪುರವಣಿಗೆ ನಾನು ಯಾರ್ಯಾರ ಬಗ್ಗೆಯೋ ಬರೆದೆ. ಇವರ ಸರದಿ ಈಗ, ಅವನು ಹೋಗಿ ತಿಂಗಳುಗಳಾದ ಮೇಲೆ, ಬಂತು.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಳದ ನಡುವೆ ಒಂದು ಚಪ್ಪಟೆ ತಳದ ದೋಣಿ. ಅದರಲ್ಲಿ ಮಂಡಿಯೂರಿ ಕುಳಿತ ಮನುಷ್ಯ ಉದ್ದ ಕೋಲಿನ ತುದಿಗೆ ಕಟ್ಟಿದ, ಬಾಚಣಿಗೆಯಂಥ ಕಬ್ಬಿಣದಿಂದ ನೀರು ಬಾಚುತ್ತಿದ್ದಾರೆ. ಬಾಚಿದಷ್ಟೂ ಜೊಂಡು ಬರುತ್ತದೆ. ಒದ್ದೆ ಜೊಂಡನ್ನು ಕಾಲ ಬಳಿ ಗುಡ್ಡೆ ಹಾಕಿಕೊಂಡು, ದೋಣಿ ಭಾರವಾದಾಗ ದಡಕ್ಕೆ ಬಂದು ಸುರಿದು, ಮತ್ತೆ ಹೋಗುತ್ತಾರೆ. ರಿಮೋಟಿನಲ್ಲಿ ಓಡುವ ಪುಟ್ಟ ಹಡಗುಗಳ ತಳದ ಫ್ಯಾನು ಹೆಬ್ಬೆರಳಷ್ಟೂ ಇರುವುದಿಲ್ಲ. ಒಂದೆಳೆ ಜೊಂಡು ಸುತ್ತಿಕೊಂಡರೆ ಸಾಕು, ಹಡಗು ನಡುನೀರಿನಲ್ಲಿ ನಿಂತುಬಿಡುತ್ತದೆ.

"ಯಾಕಣ್ಣಾ, ಇಷ್ಟು ಬೇಗ?" ಎನ್ನುತ್ತೇನೆ.

"ಅವರೆಲ್ಲ ಎದ್ದು ಬರೋ ಹೊತ್ತಿಗೆ ನೀರು ಮುಖ ತೊಳ್ಕೊಂಡಿರ್ಬೇಕಲ್ಲಮ್ಮ."

ಎಪ್ಪತ್ತರ ಹತ್ತಿರದ ವಯಸ್ಸು. ತೋಳು ಮಾತ್ರ ಇನ್ನೂ ಗಟ್ಟಿ. ಅದಕ್ಕೆ ಕಾರಣ ರೈಲು. ಇವರ ಅರ್ಧ ಆಯುಷ್ಯ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕಳೆದಿದೆ. ಆಳೆತ್ತರದ ಲಿವರುಗಳನ್ನು ಮೈಭಾರ ಬಿಟ್ಟು ಎಳೆದರೆ ಎಲ್ಲೋ ದೂರದಲ್ಲಿ ಸಿಗ್ನಲ್ ಕಂಬದ ಕೈಮರ ಇಳಿಯುತ್ತಿತ್ತು. ಗುಂಡಿ ಒತ್ತಿದರೆ ಸಿಗ್ನಲ್ ಬೀಳುವ ಕಾಲ ಬಂದಾಗ ಕ್ಯಾಬಿನ್ನನ್ನು ಕೆಡವಿದರು. ಇವರನ್ನು ಪಾರ್ಸೆಲ್ ಕಚೇರಿಗೆ ಹಾಕಿದರು. ಅಲ್ಲಿ ಗೋಣಿಚೀಲಗಳಿಗೆ ಚೀಟಿ ಅಂಟಿಸುತ್ತಾ ನಿವೃತ್ತರಾದರು.

"ಆಮೇಲೆ ಮನೇಲಿ ಕೂತು ನನ್ನ ಅಡುಗೆಮನೆಗೆ ಸಿಗ್ನಲ್ ಕೊಡೋಕೆ ಶುರು ಮಾಡಿದ್ರು," ಎನ್ನುತ್ತಾರೆ ಅವರ ಹೆಂಡತಿ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ. ಹಡಗಿನ ಕ್ಲಬ್ಬಿನವರಿಗೆಲ್ಲ ಅವರು ಅಕ್ಕ. "ಹಾಲು ಉಕ್ಕುತ್ತೆ, ಒಲೆ ಸಣ್ಣ ಮಾಡು. ಕುಕ್ಕರ್ ಕೂಗ್ತು, ಆರಿಸು. ನಾನೇ ಕೈಹಿಡಿದು ಇಲ್ಲಿಗೆ ತಂದು ಬಿಟ್ಟೆ. ನೀರಿಗಾದ್ರೂ ಹೇಳ್ಕೊಳ್ಳಿ ಅಂತ."

"ನೀರು ಕೇಳುತ್ತೆ," ಎನ್ನುತ್ತಾರೆ ಅಣ್ಣ. "ಎದುರು ಮಾತಾಡಲ್ಲ."

ಕ್ಲಬ್ಬು ಎಂದರೆ ಕೊಳದ ದಂಡೆಯ ಹಳೇ ಪಂಪ್‌ಹೌಸು. ಪಂಪು ಹೋಗಿ ಎಷ್ಟೋ ಕಾಲವಾಗಿದೆ. ಈಗ ಅಲ್ಲಿ ಉದ್ದದ ಎರಡು ಮೇಜು, ಮರದ ಹುಡಿ, ವಾರ್ನಿಶ್ ವಾಸನೆ, ಗೋಡೆಗೆ ಒರಗಿಸಿದ ಅರ್ಧಂಬರ್ಧ ಹಡಗುಗಳು. ನಿವೃತ್ತ ನರ್ಸ್ ಒಬ್ಬರು ಮೂಳೆ ಕೂರಿಸುವಷ್ಟೇ ನಾಜೂಕಾಗಿ ಹಡಗಿನ ಪಕ್ಕೆಗಳನ್ನು ಕೂರಿಸುತ್ತಾರೆ. ಒಬ್ಬ ದಂತವೈದ್ಯರು ತಮ್ಮ ಹಳೇ ಡ್ರಿಲ್ಲನ್ನು ಇಲ್ಲಿಗೇ ದಾನ ಮಾಡಿದ್ದಾರೆ. "ಹಲ್ಲಿಗೆ ಹಾಕಿದ್ದೋ ಹಡಗಿಗೆ ಹಾಕಿದ್ದೋ ಕೇಳ್ಬೇಡಿ" ಎನ್ನುವುದು ಅವರ ಮಾಮೂಲಿ ಜೋಕು. ಯಾರ ಹಡಗು ನಡುನೀರಿನಲ್ಲಿ ಕೈಕೊಟ್ಟರೂ ಎಲ್ಲರೂ ಕೂಗುವುದು ಒಂದೇ ಹೆಸರು. ಹಡಗು ಹತ್ತಿರವಿದ್ದರೆ ಅಣ್ಣ ಟೆನ್ನಿಸ್ ಚೆಂಡಿಗೆ ಮೀನಿನ ದಾರ ಕಟ್ಟಿ, ಅದರಾಚೆಗೆ ಎಸೆದು, ದಾರದಲ್ಲಿ ಮೆಲ್ಲಗೆ ಎಳೆದು ತರುತ್ತಾರೆ. ದೂರವಿದ್ದರೆ ದೋಣಿ. ಬೈಯುವುದಿಲ್ಲ. ಹಡಗನ್ನು ಒರೆಸಿ ಕೈಗೆ ಕೊಟ್ಟು, "ಬ್ಯಾಟರಿ ಊಟ ಮಾಡಿಲ್ಲ ಅನ್ಸುತ್ತೆ" ಎನ್ನುತ್ತಾರೆ.

ಅವರ ನಿಜವಾದ ಕೆಲಸ ಬಾಗಿಲ ಪಕ್ಕದ ಗೋಡೆಯ ಮೇಲಿದೆ. ಒಂದು ಹಲಗೆ. ಹಲಗೆಯಂಚಿಗೆ ಸಾಲಾಗಿ ಬಣ್ಣ ಬಳಿದ ಕ್ಲಿಪ್ಪುಗಳು, ಒಂದೊಂದರ ಮೇಲೂ ನಂಬರು. ಹಳೇ ರಿಮೋಟುಗಳಲ್ಲಿ ಒಂದೊಂದಕ್ಕೆ ಒಂದೊಂದು ಚಾನೆಲ್ ಇರುತ್ತದೆ. ಒಂದೇ ಚಾನೆಲ್ಲಿನ ಎರಡು ರಿಮೋಟುಗಳನ್ನು ಒಟ್ಟಿಗೆ ಹಾಕಿದರೆ ಹಡಗು ಯಾರ ಮಾತು ಕೇಳಬೇಕೆಂದು ತಿಳಿಯದೆ ದಿಕ್ಕಾಪಾಲಾಗಿ ಓಡುತ್ತದೆ.

"ಅತ್ತೆ ಒಂದು ಹೇಳ್ತಾಳೆ, ಹೆಂಡ್ತಿ ಒಂದು ಹೇಳ್ತಾಳೆ. ಗಂಡ ಹೋಗಿ ಗೋಡೆಗೆ ಹೊಡ್ಕೊಳ್ತಾನೆ," ಎಂದು ಅಕ್ಕ ಬಿಡಿಸಿ ಹೇಳುತ್ತಾರೆ. ನರ್ಸ್ ಅಮ್ಮನ ಹಡಗು ಹಾಗೆಯೇ ಕಲ್ಲಿನ ಕಟ್ಟೆಗೆ ಬಡಿದು ಎರಡು ಹೋಳಾಗಿತ್ತಂತೆ. ಆ ವಾರವೇ ಅಣ್ಣ ಈ ಹಲಗೆ ಹೊಡೆದರು. ನಿಯಮ ಸರಳ. ನಿಮ್ಮ ಚಾನೆಲ್ಲಿನ ಕ್ಲಿಪ್ಪು ಹಲಗೆಯಲ್ಲಿದ್ದರೆ ತೆಗೆದುಕೊಂಡು ನಿಮ್ಮ ರಿಮೋಟಿಗೆ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿ. ಮುಗಿದ ಮೇಲೆ ತೆಗೆದುಕೊಂಡವರೇ ತಂದು ಹಲಗೆಗೆ ಹಾಕಿ. ಕ್ಲಿಪ್ಪು ಇಲ್ಲವೆಂದರೆ ಯಾರದೋ ಹಡಗು ನೀರಲ್ಲಿದೆ ಎಂದರ್ಥ, ನೀವು ಕಾಯಬೇಕು. ಪ್ರತಿ ಕ್ಲಿಪ್ಪು ಹಲಗೆಗೆ ಮರಳಿದಾಗಲೂ ಅಣ್ಣ, ತಲೆ ಎತ್ತದೆಯೂ, "ಲೈನ್ ಕ್ಲಿಯರ್" ಎನ್ನುತ್ತಾರೆ. ಹಳಿ ಖಾಲಿ, ಗಾಡಿ ಬಿಡಬಹುದು ಎಂದರ್ಥ. ಕ್ಯಾಬಿನ್ನಿನಿಂದ ಬಂದ ಚಾಳಿ. ಮರೆತು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದವರು ಮುಂದಿನ ಭಾನುವಾರ ಎಲ್ಲರಿಗೂ ಬಿಸ್ಕತ್ತು ತರಬೇಕು. ಅದು ದಂಡ. ಎಲ್ಲರೂ ಒಂದಲ್ಲ ಒಂದು ಸಲ ತಂದಿದ್ದಾರೆ.

ಹೊಸ ರಿಮೋಟುಗಳಿಗೆ ಈ ಕ್ಲಿಪ್ಪಿನ ಹಂಗಿಲ್ಲ. ಆದರೆ ಕ್ಲಬ್ಬಿನ ಅರ್ಧ ಜನ ಇನ್ನೂ ಒಬ್ಬರಿಂದೊಬ್ಬರಿಗೆ ಬಂದ ಹಳೇ ಸೆಟ್ಟುಗಳಲ್ಲೇ ಹಡಗು ಬಿಡುತ್ತಾರೆ. ಅಂಥವರಲ್ಲೊಬ್ಬರು ಸಿಟಿ ಬಸ್ಸಿನ ಡ್ರೈವರ್. ರಜೆ ಸಿಕ್ಕಾಗಲೆಲ್ಲ ಮೇಜಿನ ಮೂಲೆ ಹಿಡಿದು ಕೂತು ಒಂದು ಟಗ್ ಕಟ್ಟಿದ್ದಾರೆ. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಗಿಡ್ಡ ಹಡಗು. ಕೆಂಪು ಹೊಗೆಕೊಳವೆ, ಸುತ್ತ ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ಪುಟ್ಟ ಟೈರುಗಳು. ಟಗ್ ಮುಗಿದಿದೆ. ಆದರೆ ಇನ್ನೂ ನೀರು ಕಂಡಿಲ್ಲ. ಭಾನುವಾರ ಅದನ್ನು ತಂದು ಮೇಜಿನ ಮೇಲಿಟ್ಟು, ಹಲಗೆ ನೋಡಿ, ಬೇರೆಯವರ ಹಡಗು ನೋಡುತ್ತಾ ಕೂತು, ಮಧ್ಯಾಹ್ನ ಎತ್ತಿಕೊಂಡು ಹೋಗುತ್ತಾರೆ.

"ಯಾಕೆ ಬಿಡ್ತಿಲ್ಲ?" ಎಂದು ಅವರನ್ನು ಕೇಳುತ್ತೇನೆ.

"ಕ್ಲಿಪ್ಪಿಲ್ಲ," ಎನ್ನುತ್ತಾರೆ ಡ್ರೈವರ್. ಆಮೇಲೆ ಟಗ್ಗಿನ ಮೇಲಿಲ್ಲದ ಧೂಳನ್ನು ಒರೆಸುತ್ತಾರೆ. "ಅವಸರ ಏನಿಲ್ಲ ಮೇಡಂ. ಟ್ರಾಫಿಕ್ಕಲ್ಲಿ ನಿಂತು ಅಭ್ಯಾಸ."

ಹಲಗೆಯಲ್ಲಿ ಒಂದು ಜಾಗ ಖಾಲಿ ಇದೆ.

ಕೆಲವರು ಇನ್ನೊಂದು ಕ್ಲಿಪ್ಪು ಮಾಡಿಬಿಡಿ ಎಂದರಂತೆ. ಒಂದು ಕ್ಲಿಪ್ಪು, ಒಂದು ಹನಿ ಬಣ್ಣ, ಐದು ನಿಮಿಷದ ಕೆಲಸ. ಅಣ್ಣ ಒಪ್ಪಿಲ್ಲ. "ಎರಡನೇದು ಮಾಡೋ ದಿನ ನಾನು ಹಲಗೆ ಇಳಿಸ್ತೀನಿ" ಎಂದಿದ್ದಾರೆ. ದಂತವೈದ್ಯರು ಮುನಿಸಿಕೊಂಡಿದ್ದಾರೆ. "ಮುದುಕನ ಹಟಕ್ಕೆ ಒಬ್ಬನ ಹಡಗು ಒಣಗ್ತಿದೆ" ಎಂದು ನನ್ನೆದುರೇ ಹೇಳುತ್ತಾರೆ.

"ನಮ್ಮಲ್ಲಿ ಟೋಕನ್ ಅಂತಿತ್ತು," ಎಂದು ಅಣ್ಣ ವಿವರಿಸುತ್ತಾರೆ. "ಒಂಟಿ ಹಳಿ. ಟೋಕನ್ ಕೈಯಲ್ಲಿದ್ದ ಡ್ರೈವರ್ ಮಾತ್ರ ಗಾಡಿ ಬಿಡ್ಬೇಕು. ಆ ಹಳಿಗೆ ಒಂದು ಸಲಕ್ಕೆ ಒಂದೇ ಟೋಕನ್. ಒಂದಿನ ಪಕ್ಕದ ಸ್ಟೇಷನ್ನೋನು, ಗೊತ್ತಿರೋರೇ ಅಲ್ವಾ ಅಂತ, ಬಾಯಿಮಾತಲ್ಲೇ ಗಾಡಿ ಬಿಟ್ಟ. ಎರಡು ಗಾಡಿ ಎದುರುಬದುರು ಬಂದು ನಿಂತ್ವು, ಮಧ್ಯೆ ಒಂದು ಎಮ್ಮೆ ನಿಲ್ಲೋಷ್ಟು ಜಾಗ. ಯಾರಿಗೂ ಏನೂ ಆಗ್ಲಿಲ್ಲ. ನನಗೆ ಮಾತ್ರ ಈಗ್ಲೂ ಕೈ ತಣ್ಣಗಾಗುತ್ತೆ. ಎರಡನೇ ಕ್ಲಿಪ್ಪು ಮಾಡ್ಬಹುದು. ಮೊದಲನೇದು ಯಾವತ್ತಾದ್ರೂ ವಾಪಸ್ ಬಂದೇ ಬರುತ್ತೆ. ಆಗ ಎರಡಾಗುತ್ತಲ್ಲಮ್ಮ."

"ಈಗ ಎಲ್ಲಿದೆ ಮೊದಲನೇದು?"

"ಹೊರಗಿದೆ," ಎಂದು ಬಗ್ಗಿ ದೋಣಿಯ ನೀರು ಎತ್ತಿ ಹಾಕತೊಡಗುತ್ತಾರೆ. ದೋಣಿಯಲ್ಲಿ ನೀರೇ ಇಲ್ಲ.

ನಾನು ಹಲಗೆಯ ಹತ್ತಿರ ಹೋಗುತ್ತೇನೆ. ಹಸಿರು ನಾಲ್ಕು. ಕೆಂಪು ಆರು. ಅದೇ ಕಪ್ಪು ಬಣ್ಣ, ಅದೇ ದಪ್ಪ ಕೈಬರಹ.

"ಹಳದಿಯಾ?" ಎಂದೆ. "ನಮ್ಮನೆ ತಂತಿ ಮೇಲಿದೆ."

"ಗೊತ್ತಮ್ಮ," ಎಂದರು.

ಗೊತ್ತಿತ್ತು. ಷರಟು ಒಣಹಾಕಿದ ಕೆಲವು ದಿನಗಳಿಗೆ ನನ್ನನ್ನು ಮಾತಾಡಿಸಲು ಇಬ್ಬರೂ ಮನೆಗೆ ಬಂದಿದ್ದರು. ನನಗೆ ಆ ದಿನದ್ದು ಹೆಚ್ಚು ನೆನಪಿಲ್ಲ. ಅಕ್ಕ ನನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆದದ್ದು, ಅಣ್ಣ ಬಟ್ಟೆ ತಂತಿಯಿದ್ದ ಬಾಲ್ಕನಿಯ ಬಾಗಿಲ ಬಳಿ ನಿಂತಿದ್ದದ್ದು ನೆನಪಿದೆ.

"ಮತ್ತೆ ಕೇಳಬಾರದಿತ್ತಾ?"

"ಅವರ ಷರಟು ಇತ್ತಲ್ಲಮ್ಮ ಅದ್ರಲ್ಲಿ," ಎಂದರು. "ಕ್ಲಿಪ್ಪು ತೆಗೆದ್ರೆ ಷರಟು ಬೀಳುತ್ತೆ."

ಅಕ್ಕ ಲೋಟಕ್ಕೆ ಚಹಾ ಸುರಿದು ನನ್ನ ಕೈಗಿಟ್ಟರು. "ಮನೆಗೆ ಬಂದ ಮೇಲೆ ಇವರು ಹೇಳಿದ್ದು ಒಂದೇ ಮಾತು. ಅವನು ಕ್ಲಿಪ್ಪು ತಗೊಂಡಿದ್ದಾನೆ, ಇನ್ನೂ ಹಾಕಿಲ್ಲ. ನಮ್ಮ ಹಲಗೆ ಲೆಕ್ಕದಲ್ಲಿ ನೀರಲ್ಲೇ ಇದ್ದಾನೆ. ಡ್ರೈವರಪ್ಪನಿಗೆ ಹೇಳಿದ್ವಿ. ಅವರು ಕಾಯ್ತೀನಿ ಅಂದ್ರು. ಇನ್ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಯಾರಾದ್ರೂ ನಿಮ್ಮ ಬಾಗಿಲು ತಟ್ತಾರೆ ಅಂತ."

ಆ ದಿನಗಳಲ್ಲಿ ಬಹಳ ಜನ ನನಗೆ ಧೈರ್ಯ ಹೇಳಿದರು, ಮುಂದೆ ನಡೆಯಬೇಕು ಎಂದರು. ಅವರೆಲ್ಲರಿಗೂ ಋಣಿ. ಆದರೆ ಇಲ್ಲಿ ಒಬ್ಬರು ದಂತವೈದ್ಯರ ಮುನಿಸು ಹೊತ್ತುಕೊಂಡು, ಇನ್ನೊಬ್ಬರು ತಮ್ಮ ಹೊಸ ಹಡಗನ್ನು ಒಣಗಿಸಿಕೊಂಡು, ನನ್ನ ತಂತಿಯ ಮೇಲೆ ಒಂದು ಷರಟು ಇರಲಿ ಎಂದು ಸುಮ್ಮನಿದ್ದರು. ನನಗದು ತಿಳಿಯಲೇ ಇಲ್ಲ. ತಿಳಿಯಬೇಕೆಂದು ಅವರೂ ಬಯಸಿರಲಿಲ್ಲ.

"ನಿಮಗೇನಾದ್ರೂ ಆಸೆ ಇದೆಯಾ ಅಣ್ಣ?" ಎಂದು ಹೊರಡುವ ಮುಂಚೆ ಕೇಳಿದೆ. ಇಂಥ ಬರಹಗಳಲ್ಲಿ ಕೇಳುವ ಪ್ರಶ್ನೆ.

"ಒಂದು ಸಲ ಮೇಲಿಂದ ನೋಡ್ಬೇಕು. ಎಲ್ಲಾ ಹಡಗೂ ನೀರಲ್ಲಿರ್ಬೇಕು. ಎಲ್ಲಾ ವಾಪಸ್ ಬರ್ಬೇಕು. ಸಂಜೆ ಹಲಗೆ ತುಂಬಿರ್ಬೇಕು."

"ಮೇಲಿಂದ ಅಂದ್ರೆ ಎಲ್ಲಿಂದ್ರೀ?" ಎಂದರು ಅಕ್ಕ. "ಈಗಲೇ ಹೋಗೋ ಮಾತಾಡ್ಬೇಡಿ. ಪಂಪ್‌ಹೌಸ್ ತಾರಸಿಗೆ ಏಣಿ ಇದೆ."

ಮುಂದಿನ ಶನಿವಾರ ಷರಟು ತೆಗೆದೆ. ಬಿಸಿಲಿಗೆ ಬಣ್ಣ ಪೂರ್ತಿ ಮಾಸಿತ್ತು. ಕ್ಲಿಪ್ಪು ಹಿಡಿದಿದ್ದ ಕಡೆ ಮಾತ್ರ ಬೆರಳಗಲ ನೀಲಿ ಹಾಗೇ ಉಳಿದಿತ್ತು. ಮಡಿಸಿ ಬೀರುವಿನಲ್ಲಿಟ್ಟೆ.

ಭಾನುವಾರ ಬೆಳಿಗ್ಗೆ ಕೊಳದ ನೀರು ಮುಖ ತೊಳೆದುಕೊಂಡು ತಯಾರಾಗಿತ್ತು. ಮೇಜಿನ ಮೇಲೆ ಟಗ್ ಇತ್ತು. ನಾನು ಮೊದಲು ಬಿಸ್ಕತ್ತಿನ ಪೊಟ್ಟಣ ಇಟ್ಟೆ. ದಂತವೈದ್ಯರು ಪೊಟ್ಟಣ ನೋಡಿದರು, ನನ್ನ ಕೈಯಲ್ಲಿದ್ದುದನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಹೊರಗೆ ಹೋದರು.

ಕ್ಲಿಪ್ಪನ್ನು ಅಣ್ಣನ ಕಡೆ ಚಾಚಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ನಾನು ಹಾಕಂಗಿಲ್ಲ. ತಗೊಂಡವರು ಹಾಕ್ಬೇಕು, ಇಲ್ಲ ಅವರ ಮನೆಯವರು."

ಹಸಿರು ನಾಲ್ಕು ಮತ್ತು ಕೆಂಪು ಆರರ ನಡುವೆ ಹಳದಿ ಐದನ್ನು ಸಿಕ್ಕಿಸಿದೆ. ಅಣ್ಣ ಹಲಗೆಯನ್ನೇ ನೋಡುತ್ತಾ ನಿಂತರು. ಡ್ರೈವರ್ ಟಗ್ಗನ್ನು ಎದೆಗೆ ಅವುಚಿಕೊಂಡು ಕಾಯುತ್ತಿದ್ದರು.

"ಹೇಳ್ರೀ," ಎಂದರು ಅಕ್ಕ ಮೆಲ್ಲಗೆ. "ಗಾಡಿ ನಿಂತಿದೆ."

"ಲೈನ್ ಕ್ಲಿಯರ್," ಎಂದರು ಅಣ್ಣ.